ಎಳೆದರೆ ಒಂದು, ತಳ್ಳಿದರೆ ಒಂದು

ಏಳು ಸಮುದ್ರದಾಚೆ ಹುಟ್ಟಿದ್ದು ಏಳು ಸಮುದ್ರದಾಚೆಯೇ ಇದ್ದರೆ ಯಾರಿಗೂ ತೊಂದರೆಯಿಲ್ಲ. ಅದು ಈಚೆಗೆ ಬಂದಾಗಲೇ ಕಥೆ ಶುರುವಾಗುವುದು. ಗಿಳಿಯಾಗಿ ಬಂದರೆ ರಾಜಕುಮಾರನ ಕೈಗೆ ಸಿಗುತ್ತದೆ, ಮುತ್ತಾಗಿ ಬಂದರೆ ರಾಣಿಯ ಮೂಗಿಗೆ. ಆದರೆ ಹತ್ತು ಗುಂಡಿಗಳ ಹಳೆಯ ಜರ್ಮನ್ ಅಕಾರ್ಡಿಯನ್ ಆಗಿ ಬಂದು, ರಾಯಚೂರಿನ ತೀನ್ ಖಂದೀಲ್ ಹತ್ತಿರ ನೂರ್ ಬೀಯ ಹಳೇ ಸಾಮಾನಿನ ಗುಡ್ಡೆಯಲ್ಲಿ, ತೂತು ಬಿದ್ದ ಕೊಳಗಕ್ಕೂ ಕಾಲಿಲ್ಲದ ಕುರ್ಚಿಗೂ ನಡುವೆ ಕೂತರೆ ಅದು ಯಾರ ಕೈಗೆ ಸಿಗಬೇಕು? ದೇವದುರ್ಗದ ಹೈಸ್ಕೂಲಿನಲ್ಲಿ ಗಂಟೆ ಹೊಡೆಯುವ ತಾಯಣ್ಣನ ಕೈಗೆ. ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಸಿಕ್ಕಿದ್ದು ಅವನಿಗೇ.

ತಾಯಣ್ಣ ಹತ್ತನೇ ಇಯತ್ತೆ ಪಾಸಾದವನು. ಅವನ ಓಣಿಗೆ ಅವನೇ ಮೊದಲಿಗ. ಪಾಸಾದ ದಿನ ಓಣಿಯವರು ಕೊರಳಿಗೆ ಚೆಂಡುಹೂವಿನ ಹಾರ ಹಾಕಿದರು. ಶಾಲೆಯವರು ಕೈಗೆ ಕಬ್ಬಿಣದ ಸಲಾಕೆ ಕೊಟ್ಟರು. ಬೇವಿನ ಮರಕ್ಕೆ ನೇತುಹಾಕಿದ ರೈಲು ಕಂಬಿಯ ತುಂಡನ್ನು ಅದರಿಂದ ದಿನಕ್ಕೆ ಒಂಬತ್ತು ಸಲ ಬಾರಿಸುವುದು ಅವನ ಕೆಲಸ. ಹುದ್ದೆ ಹಂಗಾಮಿ. ಒಂಬತ್ತು ವರ್ಷದಿಂದಲೂ ಹಂಗಾಮಿ. ಹಾರ ಮರುದಿನವೇ ಬಾಡಿತು, ಸಲಾಕೆ ಮಾತ್ರ ಗಟ್ಟಿಮುಟ್ಟಾಗಿ ಉಳಿಯಿತು.

ಅವನಿಗೆ ಚಿಕ್ಕಂದಿನಿಂದ ಒಂದು ಆಸೆ. ಸೋಮವಾರ ಸಂಜೆ ಮಠದಲ್ಲಿ ಭಜನೆ ನಡೆಯುತ್ತಿತ್ತು. ಅಕ್ಕಿ ಗಿರಣಿಯ ಗಡಿಗೆಪ್ಪನವರು ಹಾರ್ಮೋನಿಯಂ ಮುಂದೆ ಕೂತು (ನಮ್ಮ ಕಡೆ ಅದಕ್ಕೆ ಪೇಟಿ ಎನ್ನುತ್ತಾರೆ) ಮಕ್ಕಳಿಗೆ ಸರಿಗಮ ಹೇಳಿಕೊಡುವರು. ತಾಯಣ್ಣ ಹೊರಗೆ, ಕಿಟಕಿಯ ಕೆಳಗೆ, ಬಿಟ್ಟ ಚಪ್ಪಲಿಗಳ ನಡುವೆ ಕೂತು ಕಲಿಯುವನು. ಒಂದು ಸಂಜೆ ಧೈರ್ಯ ಮಾಡಿ ಕಿಟಕಿಯಲ್ಲಿ ಮುಖವಿಟ್ಟು, "ಯಪ್ಪಾ, ಒಂದು ಸಲ ಒತ್ತಲೇನ್ರಿ?" ಎಂದು ಕೇಳಿದ್ದ.

"ಕೇಳಾಕ ಕಿವಿ ಸಾಕಲ್ಲೋ, ಕೈ ಯಾಕ ಬೇಕು?" ಎಂದಿದ್ದರು ಗಡಿಗೆಪ್ಪನವರು.

ಗಡಿಗೆಪ್ಪನವರು ಕೆಟ್ಟವರಲ್ಲ. ಭಜನೆ ಮುಗಿದ ಮೇಲೆ ಪ್ರಸಾದವನ್ನು ಕಿಟಕಿಯಿಂದಲೇ ಎಸೆದು ಕೊಡುತ್ತಿದ್ದರು. ಗುರಿ ಒಮ್ಮೆಯೂ ತಪ್ಪುತ್ತಿರಲಿಲ್ಲ.

ಹೀಗಿರುವಾಗ ಶಾಲೆಗೆ ಸೀಮೆಸುಣ್ಣದ ಡಬ್ಬಿ ತರಲು ರಾಯಚೂರಿಗೆ ಹೋದ ತಾಯಣ್ಣ ನೂರ್ ಬೀಯ ಗುಡ್ಡೆಯ ಮುಂದೆ ನಿಂತುಬಿಟ್ಟ. ಕರಿಮರದ ಪೆಟ್ಟಿಗೆ, ನಡುವೆ ನವಿಲಿನ ಬಣ್ಣದ ಕಾಗದ ಅಂಟಿಸಿದ ತಿದಿ, ಬಲಕ್ಕೆ ಹತ್ತು ಎಲುಬಿನ ಗುಂಡಿ, ಎಡಕ್ಕೆ ಚಮಚದಂಥ ಎರಡು ಕೀಲಿ.

"ಇದೇನ್ ಯವ್ವಾ?"

"ಬಾಜಾ, ಬೇಟಾ. ಖಾಸ್ ಜರ್ಮನಿ ಮಾಲು. ರೈಲ್ವೆ ಕ್ವಾಟರ್ಸಿನ ಗಾರ್ಡ್ ಸಾಹೇಬ ಬಿಟ್ಟು ಹೋದದ್ದು. ನಿಮ್ಮ ಅಜ್ಜಗಿಂತ ದೊಡ್ಡದು."

"ಕಲಿಯಾಕ ಕಷ್ಟ ಏನು?"

"ನಿನಗ ಬೆರಳು ಎಷ್ಟು?"

"ಹತ್ತು."

"ಇದಕ್ಕ ಗುಂಡಿ ಎಷ್ಟು ಅದಾವ, ಎಣಿಸು."

ತಾಯಣ್ಣ ಎಣಿಸಿದ. ಹತ್ತು.

"ಮತ್ತ? ಪೇಟಿಗಾದ್ರ ಒತ್ತೋ ಮನಿ ಮೂವತ್ತೇಳು. ಹತ್ತು ಬೆರಳಿನ್ಯಾಗ ಮೂವತ್ತೇಳು ಮನಿ ಹೆಂಗ ಸಂಭಾಳಿಸ್ತಿ? ಇದು ಹೊಸದಾಗಿ ಕಲಿಯೋರಿಗಂತನ ಮಾಡಿದ್ದು. ಬೆರಳಿಗೊಂದು ಗುಂಡಿ. ಮ್ಯಾಲಿನವನ ಲೆಕ್ಕ."

ಎಡಗೈ ತಿದಿ ಎಳೆಯಲು ಬೇಕು, ಬಲಗೈ ಹೆಬ್ಬೆರಳು ಪಟ್ಟಿಯಲ್ಲಿ ಸಿಕ್ಕಿಕೊಳ್ಳುತ್ತದೆ, ಉಳಿಯುವುದು ನಾಲ್ಕೇ ಬೆರಳು ಎಂಬುದು ಕೊಡುವವಳಿಗೂ ಹೊಳೆಯಲಿಲ್ಲ, ಕೊಳ್ಳುವವನಿಗೂ ಹೊಳೆಯಲಿಲ್ಲ. ನೂರ್ ಬೀ ಅವನ ಮಣಿಕಟ್ಟಿನತ್ತ ಕಣ್ಣು ಹಾಯಿಸಿ, "ಅದನ್ನ ಬಿಚ್ಚು, ಇದನ್ನ ಒಯ್ಯಿ" ಎಂದಳು.

ಅದು ಗಡಿಯಾರ. ಚೀಕಲಪರ್ವಿಯ ಮಾವ ಅಯ್ಯಣ್ಣ ಮದುವೆಯಲ್ಲಿ ಕೊಟ್ಟದ್ದು. ಅಳಿಯ ಗಂಟೆ ಹೊಡೆಯುವವ, ಹೊತ್ತು ಗೊತ್ತಿಲ್ಲದೆ ಹೊಡೆದರೆ ಹೇಗೆ ಎಂದು, ಆ ವರ್ಷ ತನ್ನ ಎಮ್ಮೆ ಮಾರಿ ತಂದದ್ದು. ತಾಯಣ್ಣ ಅದನ್ನು ಬಿಚ್ಚಿದ. ಬಿಚ್ಚುವಾಗ ಕೈ ನಡುಗಲಿಲ್ಲ. ಕಥೆಗಳಲ್ಲಿ ನಡುಗುವುದು ಬುದ್ಧಿವಂತರ ಕೈ.

ಬಸ್ಸು ಕಲ್ಮಲಾ ದಾಟಿದ ಮೇಲೆ ರಸ್ತೆ ತನ್ನ ಗುಣ ತೋರಿಸಿತು. ಚಾದರದಲ್ಲಿ ಸುತ್ತಿ ತೊಡೆಯ ಮೇಲಿಟ್ಟುಕೊಂಡ ಬಾಜಾ ರಸ್ತೆಯ ಒಂದೊಂದು ಗುಂಡಿಗೂ ಒಂದೊಂದು ಸಲ "ಮ್ಯಾಂ" ಎಂದಿತು. ಕಂಡಕ್ಟರು ಬಂದ.

"ಕುರಿಮರಿಗೆ ಟಿಕೇಟು ತಗಿಸೋ."

"ಕುರಿ ಅಲ್ರಿ, ಬಾಜಾ ಅದರಿ."

"ಎಲ್ಲಾರೂ ಹಿಂಗ ಅಂತಾರ. ಹೋದ ವಾರ ಗಬ್ಬೂರಿನವ ಒಬ್ಬಾತ ಮೂರು ಕೋಳಿನ ಹಾಸಿಗಿ ಸುರುಳಿ ಅಂದಿದ್ದ. ಬಿಚ್ಚು."

ಬಿಚ್ಚಿದ. ಬಸ್ಸಿನ ಮಂದಿಯೆಲ್ಲ ಕತ್ತು ಚಾಚಿದರು. ಮುಂದಿನ ಸೀಟಿನಲ್ಲಿ ಶಾಲೆಯ ಹೆಡ್ ಮಾಸ್ತರು ಮಾಳಿಂಗಪ್ಪನವರು ಕೂತಿದ್ದರು. ಅವರೂ ತಿರುಗಿದರು. ಕನ್ನಡಕ ಸರಿಪಡಿಸಿಕೊಂಡು, "ಇದನ್ನ ಬಾರಿಸಾಕ ಬರ್ತದೇನೋ ನಿನಗ?" ಎಂದರು.

ಒಂಬತ್ತು ವರ್ಷದಲ್ಲಿ ಮಾಳಿಂಗಪ್ಪನವರು ತಾಯಣ್ಣನನ್ನು ಕೇಳಿದ್ದ ಪ್ರಶ್ನೆಗಳು ಎರಡೇ. "ಗಂಟಿ ಹೊಡದೇನು?" "ಕಸ ಹೊಡದೇನು?" ಎರಡಕ್ಕೂ ಹೌದು ಎಂದು ಅವನ ನಾಲಿಗೆಗೆ ರೂಢಿ. ಮೂರನೆಯ ಪ್ರಶ್ನೆಗೂ ಅದು ಯಜಮಾನನನ್ನು ಕೇಳದೆ ಅದೇ ದಾರಿ ಹಿಡಿಯಿತು.

"ಹೌದ್ರಿ. ಬರ್ತದ್ರಿ."

ಇಷ್ಟೇ ನೋಡಿ ಅವನು ಮಾಡಿದ ತಪ್ಪು. ಮಾಳಿಂಗಪ್ಪನವರು ಚೀಲದಿಂದ ಒಂದು ಕಾಗದ ತೆಗೆದರು. ಶಾಲೆಗೆ ಸಂಗೀತ ಸಹಾಯಕರ ಹುದ್ದೆ ಮಂಜೂರಾಗಿತ್ತು.

"ಹತ್ತನೇದು ಪಾಸಾಗಿರಬೇಕು, ಒಂದು ವಾದ್ಯ ಬರಬೇಕು. ಶಾಲ್ಯಾಗ ಕೆಲಸಕ್ಕಿದ್ದವರಿಗೆ ಮೊದಲು. ವಾರ್ಷಿಕೋತ್ಸವಕ್ಕ ರಾಯಚೂರಿನ ಸಾಹೇಬ್ರು ಬಂದು, ಕೇಳಿ ಆರಿಸ್ತಾರ. ಕಾಯಂ ಹುದ್ದಿ. ನೀ ಯಾಕ ಅರ್ಜಿ ಹಾಕಬಾರದು?"

ಕಾಯಂ. ಸಂಗೀತ ಸಹಾಯಕ. ಮಾಸ್ತರ. ಶಿಕ್ಷಕರ ಕೋಣೆಯಲ್ಲಿ ಒಂದು ಕುರ್ಚಿ; ಒಂಬತ್ತು ವರ್ಷ ಒರೆಸಿದ, ಒಮ್ಮೆಯೂ ಕೂರದ ಕುರ್ಚಿ. ದೇವದುರ್ಗ ಬರುವ ಹೊತ್ತಿಗೆ ತಾಯಣ್ಣ ಮನಸ್ಸಿನಲ್ಲೇ ಆ ಕುರ್ಚಿಯಲ್ಲಿ ಕೂತು, ಬೇರೆ ಯಾರೋ ಹೊಡೆದ ಗಂಟೆ ಕೇಳಿ, "ಐದು ನಿಮಿಷ ತಡ ಆತಲ್ಲೋ" ಎಂದು ಗದರಿಸಿಯೂ ಆಗಿತ್ತು. ಉಳಿದದ್ದು ಒಂದೇ, ಬಾರಿಸಲು ಕಲಿಯುವುದು. ಕೈಯಲ್ಲಿ ಆರು ವಾರ.

ಹೆಂಡತಿ ಮಾನಮ್ಮ ಬಾಜಾ ನೋಡುವ ಮೊದಲು ಮಣಿಕಟ್ಟು ನೋಡಿದಳು.

"ಗಡಿಯಾರ ಎಲ್ಲೈತಿ?"

"ರಿಪೇರಿಗೆ ಕೊಟ್ಟೀನಿ."

"ಹಂಗಾರ ಇದೇನು, ಅದರ ಬದಲಿ ಕೊಟ್ಟ ಗಡಿಯಾರ ಏನು? ಭಾಳ ದೊಡ್ಡದ ಕೊಟ್ಟಾರಲ್ಲ."

ತಾಯಣ್ಣ ಪಡಸಾಲೆಯಲ್ಲಿ ಕೂತು ಮೂರನೆಯ ಗುಂಡಿ ಒತ್ತಿ ತಿದಿ ತಳ್ಳಿದ. "ಸ" ಎಂದಿತು. ಎದೆ ಉಬ್ಬಿತು. ಬೆರಳು ತೆಗೆಯದೆ ತಿದಿ ಎಳೆದ. "ರಿ" ಎಂದಿತು. ಉಬ್ಬಿದ ಎದೆ ಇಳಿಯಿತು. ಮತ್ತೆ ತಳ್ಳಿದ, ಸ. ಮತ್ತೆ ಎಳೆದ, ರಿ. ಪೇಟಿಯಲ್ಲಿ ಗಾಳಿ ಹೇಗೇ ಹಾಕಿ, ಒತ್ತಿದ ಮನೆಯೇ ಕೂಗುತ್ತದೆ. ಇದರಲ್ಲಿ ಬಾಗಿಲು ಒಂದೇ, ಹೋಗುವಾಗ ಒಬ್ಬ ಹೋಗುತ್ತಾನೆ, ಬರುವಾಗ ಇನ್ನೊಬ್ಬ ಬರುತ್ತಾನೆ. ಮೂರು ದಿನ ಅವನು ಒಂದು ಸ್ವರದ ಹಿಂದೆ ಓಡಿ ಇನ್ನೊಂದನ್ನು ಹಿಡಿದು ತಂದ.

ಪಕ್ಕದ ಮನೆಯ ಮೂಕಮ್ಮ ಆಡುಸೋಗೆ ಕಷಾಯ ಹಿಡಿದು ಬಂದಳು.

"ಮಾನಮ್ಮಾ, ನಿನ್ನ ಗಂಡಗ ದಮ್ಮು ಯಾವಾಗಿಂದಬೇ? ಮೂರು ದಿನದಿಂದ ಕೇಳಾಕತ್ತೀನಿ. ಉಸಿರು ತಗೊಂಡ್ರ ಒಂದು ಸಪ್ಪಳ, ಬಿಟ್ರ ಒಂದು ಸಪ್ಪಳ. ನಮ್ಮತ್ತಿಗೂ ಹಿಂಗ ಆಗಿತ್ತು. ಎಂಟು ದಿನಕ್ಕ ಹೋದಳು."

ಕಷಾಯವನ್ನು ತಾಯಣ್ಣನೇ ಕುಡಿದ. ಬೇಡ ಎನ್ನಲು ಅವನಿಗೆ ಯಾವತ್ತೂ ಬಂದಿರಲಿಲ್ಲ.

ನಾಲ್ಕನೆಯ ದಿನ ಅವನು ಬಾಜಾವನ್ನು ಗೋಡೆಗೆ ಒರಗಿಸಿ, "ಕೆಟ್ಟದ್ದು ಕೊಟ್ಟು ಮೋಸ ಮಾಡಿದಳು ಆಕಿ" ಎಂದು ತಲೆ ಹಿಡಿದು ಕೂತಾಗ, ಮಾನಮ್ಮ ನೀರಿನ ಕೊಡ ಇಳಿಸಿ ಕೇಳಿದಳು:

"ಬಾವಿ ರಾಟಿ ಹೆಂಗ ಕೂಗ್ತದ? ಕೊಡ ಇಳಿಬಿಟ್ಟಾಗ ಕಿರ್ರ್ ಅಂತದ, ಜಗ್ಗಿದಾಗ ಗೊರ್ರ್ ಅಂತದ. ರಾಟಿ ಕೆಟ್ಟದೇನು? ಎರಡು ಸಪ್ಪಳ ಆದ್ರನ ಅಲ್ಲ, ಒಂದು ಕೊಡ ನೀರು ಬರೋದು."

ತಾಯಣ್ಣ ಹೆಂಡತಿಯ ಮುಖವನ್ನೇ ನೋಡಿದ. ಆಮೇಲೆ ಬಾಜಾದ ಬೆನ್ನಿಗೆ ಅಂಟಿಸಿದ್ದ ಹಳದಿ ಹಾಳೆಯನ್ನು ನೋಡಿದ. ಅಕ್ಷರ ಪರದೇಶದ್ದು, ಆದರೆ ಅಂಕಿ ಅಂಕಿಯೇ: ಒಂದರಿಂದ ಹತ್ತು. ಅಂಕಿಗಳ ಮೇಲೆ ಬಾಣಗಳು, ಕೆಲವು ಒಳಮುಖ, ಕೆಲವು ಹೊರಮುಖ. ಕೊಡ ಇಳಿಬಿಡುವುದು, ಕೊಡ ಜಗ್ಗುವುದು. ಎಂದೋ ಸತ್ತುಹೋದ ಯಾವನೋ ಜರ್ಮನಿಯವ, ಹೊಸದಾಗಿ ಕಲಿಯುವವರ ಮೇಲೆ ಕರುಣೆಯಿಟ್ಟು, ಮಾನಮ್ಮ ಹೇಳಿದ್ದನ್ನೇ ಬರೆದಿಟ್ಟಿದ್ದ.

ಆಮೇಲೆ ದಾರಿ ಸಲೀಸು. ತಳ್ಳಿದರೆ ಸ, ಗ, ಪ. ಎಳೆದರೆ ರಿ, ಮ, ಧ, ನಿ. ಹತ್ತು ಗುಂಡಿಯಲ್ಲಿ ಏಳೂ ಸ್ವರ, ಉಸಿರಾಡಿದಷ್ಟು ಸುಲಭ. ಇಪ್ಪತ್ತು ದಿನದಲ್ಲಿ ಶಾಲೆಯ ಪ್ರಾರ್ಥನೆ ಬಂತು. ಇಪ್ಪತ್ತೈದನೆಯ ದಿನ ಅವನ ಅವ್ವ ಹಿಟ್ಟು ಬೀಸುವಾಗ ಹಾಡುತ್ತಿದ್ದ ಪದವೊಂದು, ಕರೆಯದೆಯೇ, ತಾನಾಗಿ ಗುಂಡಿಗಳ ಕೆಳಗೆ ಬಂದು ಕೂತಿತು. ರೊಟ್ಟಿ ಬಡಿಯುತ್ತಿದ್ದ ಮಾನಮ್ಮನ ಕೈ ನಿಂತಿತು. ಮೂಕಮ್ಮ ಗೋಡೆಯಾಚೆಯಿಂದ, "ದಮ್ಮು ವಾಸಿ ಆತೇನಬೇ!" ಎಂದಳು.

ಇತ್ತ ಶಾಲೆಯಲ್ಲಿ ಗಡಿಯಾರವಿಲ್ಲದ ಗಂಟೆ ಬೇವಿನ ಮರದ ನೆರಳು ನೋಡಿ ಹೊಡೆಯತೊಡಗಿತು. ಮೋಡ ಬಂದ ದಿನ ಗಣಿತದ ತರಗತಿ ಒಂದೂ ಕಾಲು ತಾಸು ನಡೆದು ಇಬ್ಬರು ಹುಡುಗಿಯರು ತಲೆ ತಿರುಗಿ ಬಿದ್ದರು. ಮಾಳಿಂಗಪ್ಪನವರು ಕರೆಸಿ, "ಯಾಕೋ?" ಎಂದವರು, ತಾವೇ ಉತ್ತರವನ್ನೂ ಕೊಟ್ಟುಕೊಂಡರು: "ಹ್ಞಾಂ, ಕಲಾವಿದರು ಹಿಂಗನ. ಹೋಗು." ಪ್ರಾರ್ಥನೆಗೆ ಹುಡುಗಿಯರನ್ನು ತಯಾರು ಮಾಡುವ ಕೆಲಸವನ್ನೂ ಅವನಿಗೇ ಒಪ್ಪಿಸಿದರು.

ಸುದ್ದಿ ಗಿರಣಿ ಮುಟ್ಟಿತು. ಗಡಿಗೆಪ್ಪನವರು ಈಗ ಶಾಲಾ ಕಮಿಟಿಯ ಅಧ್ಯಕ್ಷರು. ಊರಿನಲ್ಲಿ ಸಂಗೀತಕ್ಕೆ ಸಂಬಂಧಿಸಿದ ಜನನ ಮರಣಗಳೆಲ್ಲ ಅವರ ಅಪ್ಪಣೆಯಿಂದಲೇ ಆಗಬೇಕು. ವಾರ್ಷಿಕೋತ್ಸವಕ್ಕೆ ಐದು ದಿನ ಇರುವಾಗ ತಾಯಣ್ಣನಿಗೆ ಬುಲಾವ್ ಬಂತು: ವಾದ್ಯ ಸಮೇತ ಬಾ.

ಗಿರಣಿಯ ಕಟ್ಟೆಯ ಮೇಲೆ ಗಡಿಗೆಪ್ಪನವರು, ಪಕ್ಕದಲ್ಲಿ ಅವರ ತಂಗಿಯ ಮಗ ಹಂಪಣ್ಣ. ಹಂಪಣ್ಣ ಹತ್ತನೆಯದನ್ನು ಮೂರು ಸಲ ಕೂತು ಪಾಸು ಮಾಡಿದವನು. ಕೆಳಗೆ ಹಮಾಲರು ಮೂಟೆ ಬಿಟ್ಟು ನಿಂತಿದ್ದರು.

"ಬಾರಪಾ ತಾಯಣ್ಣ. ಅಲ್ಲೇ, ಕೆಳಗ ಇಡು. ನಮ್ಮ ಹಂಪಣ್ಣನೂ ಅರ್ಜಿ ಹಾಕ್ಯಾನ, ಆದ್ರ ನ್ಯಾಯ ಅಂದ್ರ ನ್ಯಾಯ. ನಿನ್ನ ವಾದ್ಯದಾಗ ದೋಷ ಇದ್ದು ನೀ ಸಾಹೇಬ್ರ ಮುಂದ ಸಣ್ಣಾವ ಆದ್ರ ನನಗ ಊಟ ಸೇರಂಗಿಲ್ಲ. ಹಿಡಕೊಂಡು ಎಳಿ, ನಾ ನೋಡ್ತೀನಿ."

ತಾಯಣ್ಣ ಮೊಣಕಾಲೂರಿ ಬಾಜಾ ಹಿಡಿದ. ಗಡಿಗೆಪ್ಪನವರು ಕಟ್ಟೆಯಿಂದ ಇಳಿಯಲಿಲ್ಲ. ಕೈಯಲ್ಲಿದ್ದ ಕೊಡೆಯನ್ನು ತಿರುಗಿಸಿ, ಅದರ ತುದಿಯಿಂದ ಮೂರನೆಯ ಗುಂಡಿಯನ್ನು ಒತ್ತಿದರು. ಇಷ್ಟು ದೂರದಿಂದ ಇಷ್ಟು ಶುದ್ಧವಾಗಿ ವಾದ್ಯ ಪರೀಕ್ಷೆ ಮಾಡುವವರನ್ನು ಆ ಜರ್ಮನಿಯವರೂ ನೋಡಿರಲಾರರು.

"ತಳ್ಳು."

ಸ.

"ಎಳಿ."

ರಿ.

"ಮತ್ತ ತಳ್ಳು. ಮತ್ತ ಎಳಿ. ಹ್ಞಾಂ! ಕೇಳಿದ್ರೇನೋ? ಒಂದ ಮನಿ, ಎರಡು ಮಾತು!"

"ಎರಡು ನಾಲಿಗಿ ಮನಿಷ್ಯಾ ಇದ್ದಂಗ," ಎಂದ ಒಬ್ಬ ಹಮಾಲ.

"ಹಾವಿಗೂ ಎರಡು ನಾಲಿಗಿನ," ಎಂದ ಇನ್ನೊಬ್ಬ.

ತಾಯಣ್ಣ ಗಂಟಲು ಸರಿಮಾಡಿಕೊಂಡ. "ಹಂಗಲ್ರಿ ಯಪ್ಪಾ. ತಳ್ಳಿದ್ರ ಸ ಗ ಪ ಬರ್ತಾವ. ಎಳದ್ರ ರಿ..."

"ನನಗ ಸರಿಗಮ ಹೇಳಾಕತ್ತಿಯೇನು?"

ತಾಯಣ್ಣ ತಿದಿ ಮಡಿಚಿದ.

"ಇಲ್ರಿ."

"ಎಲ್ಲಿ ಕಲ್ತಿ ನೀ ಸರಿಗಮ?"

"ನಿಮ್ಮ ಕಿಟಕ್ಯಾಗ್ರಿ."

"ಅದಕ್ಕ ಅರ್ಧ ಕಲ್ತಿ." ಗಡಿಗೆಪ್ಪನವರ ದನಿ ಮೃದುವಾಯಿತು. ಅವರಿಗೆ ನಿಜವಾಗಿಯೂ ಮರುಕ ಬಂದಿತ್ತು; ಅದೇ ಕಷ್ಟ. ಕೆಟ್ಟವರ ಕೈಯಿಂದ ಓಡಿ ತಪ್ಪಿಸಿಕೊಳ್ಳಬಹುದು, ಮರುಕಪಡುವವರ ಕೈಯಿಂದ ಓಡುವುದು ಹೇಗೆ? "ಅಂಜಬ್ಯಾಡ. ಮಾನ್ವಿಯಾಗ ಬುರ್ಹಾನುದ್ದೀನ್ ಅದಾನ, ನನ್ನ ಪೇಟಿ ನೋಡ್ಕೊಳ್ಳಾವ. ಚೀಟಿ ಬರದು ಕೊಡ್ತೀನಿ. ಎರಡು ನಾಲಿಗಿ ಹೋಗಿ ಒಂದ ಆಗಬೇಕು. ಮಜೂರಿ ನಂದು. ನಾಳೆ ಹೋಗು."

"ಹೌದ್ರಿ," ಎಂದ ತಾಯಣ್ಣ. ಹಮಾಲರು ಧಣಿಯ ದೊಡ್ಡ ಮನಸ್ಸನ್ನು ಕೊಂಡಾಡುತ್ತ ಮೂಟೆ ಹೊತ್ತರು.

ಮಾನಮ್ಮ ಕೇಳಿದ್ದು ಒಂದೇ ಮಾತು. "ರಾಟಿ ರಿಪೇರಿಗೆ ಒಯ್ಯಾಕತ್ತಿ?" ಅವನು ಚಾದರ ಸುತ್ತಿದ.

ಮಾನ್ವಿಯ ಬುರ್ಹಾನುದ್ದೀನ್ ಕನ್ನಡಕಕ್ಕೆ ದಾರ ಕಟ್ಟಿಕೊಂಡ ಮುದುಕ. ಚೀಟಿ ಓದಿದ, ಬಾಜಾ ಬಿಚ್ಚಿದ, ಒಳಗೆ ನೋಡಿದ.

"ಯಾ ಖುದಾ. ಎಂಥಾ ಕಸಬುದಾರ ಮಾಡ್ಯಾನೋ ಇದನ್ನ! ಇಲ್ಲಿ ನೋಡು. ಒಂದೊಂದು ಗುಂಡಿ ಹಿಂದ ಎರಡೆರಡು ಉಕ್ಕಿನ ನಾಲಿಗಿ. ಒಂದು ಉಸಿರು ಬಿಡುವಾಗ, ಒಂದು ತಗೊಳ್ಳುವಾಗ. ಇದು ರೋಗ ಅಲ್ಲಪಾ, ಇದರ ಹುಟ್ಟುಗುಣ."

"ಹೌದ್ರಿ. ನನಗೂ ಗೊತ್ತರಿ."

"ಗೊತ್ತಿದ್ದು ತಂದಿಯಾ?"

"ಅವರು ಹೇಳ್ಯಾರಲ್ರಿ."

ಬುರ್ಹಾನುದ್ದೀನ್ ಕನ್ನಡಕ ತೆಗೆದ. "ಕೇಳು. ಎಳೆಯೋ ನಾಲಿಗಿನ ತಳ್ಳೋ ನಾಲಿಗಿಯಂಗ ಮಾಡಬೇಕಂದ್ರ ಅರ ಹಾಕಿ ಉಜ್ಜಬೇಕು. ಉಜ್ಜಿದ ಉಕ್ಕು ತಿರುಗಿ ಬೆಳೆಯಂಗಿಲ್ಲ. ಚೀಟಿ ಅವರದು, ಬಾಜಾ ನಿಂದು. ನೀ ಬ್ಯಾಡ ಅನ್ನು, ಈ ಚೀಟಿ ಹರಿದು ಒಲಿಗೆ ಹಾಕ್ತೀನಿ. ಒಂದು ಸಲ ಬ್ಯಾಡ ಅನ್ನು ಸಾಕು."

ಅಜ್ಜಿ ಹೇಳುವ ಕಥೆಗಳಲ್ಲಿ ಇಂಥ ಒಂದು ಗಳಿಗೆ ಬರುತ್ತದೆ. ಗವಿಯ ಬಾಗಿಲ ಮುಂದೆ ನಿಂತವನು ಒಂದು ಮಾತು ಹೇಳಬೇಕು. ಹೇಳಿದರೆ ಬಂಡೆ ಸರಿಯುತ್ತದೆ. ಹೇಳುವ ಮಾತು ಎಷ್ಟು ಚಿಕ್ಕದಿರುತ್ತದೆಂದರೆ ಕೇಳುವ ಮಕ್ಕಳೆಲ್ಲ ತಾವೇ ಕೂಗಿಬಿಡುತ್ತಾರೆ. ತಾಯಣ್ಣ ಬಾಯಿ ತೆರೆದ. ಒಳಗಿನಿಂದ "ಬ್ಯಾಡ" ಎಂಬುದು ಹೊರಟು ಗಂಟಲವರೆಗೂ ಬಂತು. ಅಲ್ಲಿ ಅದಕ್ಕೆ ಅಧ್ಯಕ್ಷರ ಚೀಟಿ ಹರಿದ ಚೂರುಗಳು ಕಂಡವು, ಅಧ್ಯಕ್ಷರ ಮುಖ ಕಂಡಿತು, ಆ ಮುಖದ ಹಿಂದೆ ಶಿಕ್ಷಕರ ಕೋಣೆಯ ಕುರ್ಚಿ ಕಂಡಿತು.

"ಮಾಡ್ರಿ," ಎಂದ.

ಬುರ್ಹಾನುದ್ದೀನ್ ಅರ ಕೈಗೆತ್ತಿಕೊಂಡ. "ನಾ ಕಸಬುದಾರ," ಎಂದು ತನಗೆ ತಾನೇ ಹೇಳಿಕೊಂಡ, "ಹೇಳಿದ್ದು ಮಾಡ್ತೀನಿ." ಕೆಲಸಕ್ಕೆ ಮೂರು ದಿನ ಹಿಡಿಯಿತು. ಬಹಳ ಚೊಕ್ಕವಾಗಿ ಮಾಡಿದ್ದ.

ವಾರ್ಷಿಕೋತ್ಸವದ ದಿನ ಬೆಳಿಗ್ಗೆಯೇ ತಾಯಣ್ಣ ಬಾಜಾ ತೆಗೆದುಕೊಂಡು ಬಸ್ಸು ಹತ್ತಿದ. ಸಿರವಾರ ದಾಟಿದ ಮೇಲೆ ಚಾದರದೊಳಗೇ ಕೈ ಹಾಕಿ ಒತ್ತಿ ನೋಡಿದ. ಮೂರನೆಯ ಗುಂಡಿ. ತಳ್ಳಿದ, ಸ. ಎಳೆದ, ಸ. ನಾಲ್ಕನೆಯದು ಗ, ಗ. ಐದನೆಯದು ಪ, ಪ. ಆರನೆಯದು ಮತ್ತೆ ಸ. ಮನೆ ಮನೆಯ ಬಾಗಿಲು ತಟ್ಟಿದ. ರಿ ಇರಲಿಲ್ಲ. ಮ ಊರು ಬಿಟ್ಟಿತ್ತು. ಧ ಮತ್ತು ನಿ ಬುರ್ಹಾನುದ್ದೀನನ ಅಂಗಡಿಯ ನೆಲದ ಮೇಲೆ ಉಕ್ಕಿನ ಪುಡಿಯಾಗಿ ಬಿದ್ದಿದ್ದವು. ಗಡಿಗೆಪ್ಪನವರು ಕೊಡೆಯಿಂದ ಒತ್ತಿ ನೋಡಿದ್ದು ಒಂದೇ ಗುಂಡಿ. ಉಳಿದ ಒಂಬತ್ತು ಒತ್ತಲು ಕೊಡೆ ಭಾರವಾಗಿತ್ತೇನೋ.

ತಿದಿ ಮುಚ್ಚಿ ಅವುಚಿಕೊಂಡು ಕೂತಾಗ ಅದೇ ಹಳೇ ಕಂಡಕ್ಟರು ಬಂದ. ಆ ದಿನ ಅವನಿಗೆ ಈ ದಾರಿಯ ಪಾಳಿ. ಚಾದರ ಗುರುತು ಹಿಡಿದ.

"ಏನೋ, ಕುರಿಮರಿ ಇವತ್ತು ಸುಮ್ಮನ ಅದ? ಕೊಯ್ಸಿದೇನು?"

"ಹೌದ್ರಿ," ಎಂದ ತಾಯಣ್ಣ.

ಮಧ್ಯಾಹ್ನ ಮೂರಕ್ಕೆ ಶಾಮಿಯಾನದ ಕೆಳಗೆ ಊರೆಲ್ಲ ಸೇರಿತು. ಚೀಕಲಪರ್ವಿಯಿಂದ ಮಾವ ಅಯ್ಯಣ್ಣ ಹೊಸ ರುಮಾಲು ಸುತ್ತಿ ಬಂದಿದ್ದ. "ಅಳಿಯ ಮಾಸ್ತರ ಆಗ್ತಾನ" ಎಂದು ಬಸ್ಸಿನಲ್ಲಿ ಕೂತವರಿಗೆಲ್ಲ ಹೇಳಿ, ಇಳಿಯಲು ಮರೆತು ಮುಂದಿನ ನಿಲ್ದಾಣದಿಂದ ನಡೆದು ಬಂದಿದ್ದ. ಅವನೂ ಮಾನಮ್ಮನೂ ಹಿಂದೆ, ಬೇವಿನ ಮರದ ಬುಡದಲ್ಲಿ ನಿಂತರು.

ರಾಯಚೂರಿನ ಸಾಹೇಬರು ವೇದಿಕೆಯ ಮೇಲೆ ಆಕಳಿಕೆ ಮುಚ್ಚಿಕೊಂಡರು. ಹುಡುಗಿಯರು ಸಾಲಾಗಿ ನಿಂತರು. ತಾಯಣ್ಣ ಬಾಜಾ ಎದೆಗೆ ಒತ್ತಿಕೊಂಡು ತಿದಿ ತಳ್ಳಿದ.

ಮೊದಲ ಸ್ವರ ಸ. ಚೆನ್ನಾಗಿ ಬಂತು. ಸಾಹೇಬರು ತಲೆಯಾಡಿಸಿದರು. ಎರಡನೆಯದು ರಿ. ಬೆರಳು ಒತ್ತಿತು, ತೋಳು ಎಳೆಯಿತು, ಬಾಜಾ "ಸ" ಎಂದಿತು. ಹುಡುಗಿಯರಿಗೆ ಎರಡು ವಾರದಿಂದ ಒಂದೇ ಪಾಠ ಆಗಿತ್ತು: ಬಾಜಾ ಹೋದಲ್ಲಿ ಹೋಗಿ. ಅವರೂ ಸ ಎಂದರು. ಮೂರನೆಯದು ಗ, ಎಲ್ಲರೂ ಕೂಡಿ ಹಾರಿ ಹಿಡಿದರು. ನಾಲ್ಕನೆಯದು ಮ, ಎಲ್ಲರೂ ಕೂಡಿ ಹಳ್ಳಕ್ಕೆ ಬಿದ್ದರು. ಪ್ರಾರ್ಥನೆ ಹಲ್ಲು ಬಿದ್ದ ಮುದುಕಿ ಒಣ ಕಟಕ ರೊಟ್ಟಿ ತಿಂದಂತೆ ಮುಂದೆ ಸಾಗಿತು. ಸಿಕ್ಕಿದ್ದನ್ನು ಜಗಿಯುವುದು, ಸಿಗದ್ದನ್ನು ನುಂಗುವುದು. ಮೊದಲು ಹಮಾಲರು ನಕ್ಕರು, ಆಮೇಲೆ ಮಾಸ್ತರರು, ಕೊನೆಗೆ ಹುಡುಗಿಯರೇ ನಕ್ಕು ಹಾಡು ನಿಲ್ಲಿಸಿದರು. ತಾಯಣ್ಣ ಮಾತ್ರ ಎಳೆಯುತ್ತ ತಳ್ಳುತ್ತ ಇನ್ನೂ ರಿ ಹುಡುಕುತ್ತಿದ್ದ.

ಸಾಹೇಬರು ಕೈ ಎತ್ತಿದರು. "ಏನ್ರೀ ಇವರೇ, ನಿಮಗೆ ಎಷ್ಟು ಸ್ವರ ಬರ್ತಾವೆ?"

"ಮೂರ್ರಿ."

"ಮೂರೇ?"

"ಮೊನ್ನಿ ತನಕ ಏಳು ಬರ್ತಿದ್ದವ್ರಿ."

ಶಾಮಿಯಾನ ಹಾರಿಹೋಗುವಂತೆ ನಗೆ ಎದ್ದಿತು. ಸಾಹೇಬರೂ ನಕ್ಕು ಮಾಳಿಂಗಪ್ಪನವರತ್ತ ಬಾಗಿದರು. "ಸರ್ಕಾರ ಮಂಜೂರು ಮಾಡಿರೋದು ಏಳು ಸ್ವರದ ಹುದ್ದೆ. ಬೇರೆ ಯಾರೂ ಇಲ್ಲವೇನ್ರಿ?"

ಆಗ ಗಡಿಗೆಪ್ಪನವರು ಎದ್ದರು. ಊರಿನ ಮಾನ ಹೋಗುವಾಗ ಕೂತಿರುವ ಜಾಯಮಾನ ಅವರದಲ್ಲ. ಗಿರಣಿಯಿಂದ ಪೇಟಿ ತರಿಸಿದರು. ಪೇಟಿಯ ಹಿಂದೆ ಗಾಳಿ ಹಾಕಲು ಹಂಪಣ್ಣನನ್ನು ಕೂರಿಸಿದರು. ಮುಂದೆ ಕೂತು ಪ್ರಾರ್ಥನೆಯನ್ನು ತಾವೇ ನುಡಿಸಿದರು. ಹಂಪಣ್ಣ ಗಾಳಿ ಹಾಕಿದ; ಗಾಳಿಗೇನು, ಯಾರು ಹಾಕಿದರೂ ಗಾಳಿಯೇ. ಸಾಹೇಬರು ಕಾಗದ ತೆಗೆದು ಬರೆದರು: ಅಭ್ಯರ್ಥಿ ಹಂಪಣ್ಣ, ವಾದ್ಯದ ಅನುಭವವಿದೆ, ಶಿಫಾರಸು ಮಾಡಿದೆ.

ಎಲ್ಲ ಮುಗಿದ ಮೇಲೆ ಗಡಿಗೆಪ್ಪನವರು ತಾಯಣ್ಣನ ಬಳಿ ಬಂದು, ಎರಡು ಮಾರು ಇತ್ತಲೇ ನಿಂತು ಸಮಾಧಾನ ಹೇಳಿದರು.

"ಮನಸ್ಸಿಗೆ ಹಚ್ಕೋಬ್ಯಾಡ. ನಿನ್ನ ವಾದ್ಯ ಈಗ ನೆಟ್ಟಗಾಗ್ಯದ, ನಾ ಕೇಳಿದೆ, ಒಂದ ಮಾತು ಆಡಾಕತ್ತದ. ಇನ್ನ ನೀ ಕಲಿಯಾಕ ಸುರು ಮಾಡು."

"ಹೌದ್ರಿ."

ಬೇವಿನ ಮರದ ಕೆಳಗೆ ಅಯ್ಯಣ್ಣ ರುಮಾಲು ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ. ಅಳಿಯ ಹತ್ತಿರ ಬಂದಾಗ ಸೋತದ್ದನ್ನು ಕೇಳಲಿಲ್ಲ, ನಕ್ಕದ್ದನ್ನು ಕೇಳಲಿಲ್ಲ. ಅವನ ಬರಿ ಮಣಿಕಟ್ಟನ್ನು ನೋಡುತ್ತ, "ಕಡೀ ಬಸ್ಸು ಸಿಗ್ತದೇನಪಾ? ಟೈಮ್ ಎಷ್ಟಾತು?" ಎಂದು ಕೇಳಿದ.

ತಾಯಣ್ಣ ಮರದ ನೆರಳು ನೋಡಿದ. ಮಾನಮ್ಮ ಅವನ ಕೈಯಿಂದ ಬಾಜಾ ತೆಗೆದುಕೊಂಡು, ಕೂಸನ್ನು ಎತ್ತಿಕೊಂಡಂತೆ ಸೊಂಟಕ್ಕೆ ಎತ್ತಿಕೊಂಡು ಮನೆಯತ್ತ ನಡೆದಳು. ದಾರಿಯುದ್ದಕ್ಕೂ ಅದು ಒಂದು ಸದ್ದೂ ಮಾಡಲಿಲ್ಲ.

ಕಮಿಟಿ ಕರುಣೆಯಿಲ್ಲದ್ದಲ್ಲ. ಎರಡು ತಿಂಗಳಿಗೆ ತಾಯಣ್ಣನಿಗೂ ಆದೇಶ ಬಂತು. ಕಾಯಂ. ಗಂಟೆ ಹೊಡೆಯುವುದಕ್ಕೆ ಕಾಯಂ. ಗಡಿಯಾರವಿಲ್ಲದ್ದರಿಂದ ಈಗ ಅವನು ಪ್ರತಿ ತರಗತಿಗೂ ಶಿಕ್ಷಕರ ಕೋಣೆಯ ಬಾಗಿಲಲ್ಲಿ ನಿಂತು, ಕುರ್ಚಿಯಲ್ಲಿ ಕೂತವನನ್ನು ಕೇಳುತ್ತಾನೆ: "ಎಷ್ಟಾತ್ರಿ, ಹಂಪಣ್ಣ ಮಾಸ್ತರ?" ಹಂಪಣ್ಣ ಮಾಸ್ತರು ತೋಳು ಮೇಲೆತ್ತಿ ತಮ್ಮ ಹೊಸ ಗಡಿಯಾರ ನೋಡಿ, ಮನಸ್ಸು ಬಂದರೆ ಹೇಳುತ್ತಾರೆ.

ತಾಯಣ್ಣ ಹೋಗಿ ಸಲಾಕೆ ಎತ್ತುತ್ತಾನೆ. ರೈಲು ಕಂಬಿಗೆ ಈ ಕಡೆಯಿಂದ ಹೊಡೆದರೂ ಅದೇ ಸದ್ದು, ಆ ಕಡೆಯಿಂದ ಹೊಡೆದರೂ ಅದೇ ಸದ್ದು. ಒಳಗೆ ಬನ್ನಿ ಎನ್ನುವುದಕ್ಕೂ ಅದೇ, ಮನೆಗೆ ಹೋಗಿ ಎನ್ನುವುದಕ್ಕೂ ಅದೇ. ಊರಿನವರು ಇಷ್ಟು ವರ್ಷ ಕೇಳಿದ್ದಾರೆ. ಅದರಲ್ಲಿ ಯಾರೂ ಇದುವರೆಗೆ ಒಂದು ದೋಷವನ್ನೂ ಕಂಡಿಲ್ಲ.